ಕದಲದ ಕಲೆ

ದೂರದರ್ಶಕ ಏನನ್ನೂ ಕಂಡುಹಿಡಿಯುವುದಿಲ್ಲ. ಕಂಡುಹಿಡಿಯುವುದು ಅದರ ಚಿತ್ರದ ಮುಂದೆ ಬೆನ್ನು ಬಗ್ಗಿಸಿ ಕೂತ ಮನುಷ್ಯ. ಎಲ್ಲರಿಗೂ ಗೊತ್ತು, ಗೊತ್ತಿಲ್ಲದವರಂತೆ ನಟಿಸುತ್ತೇವೆ.

ಖಗೋಳ ಸಂಸ್ಥೆಯೊಂದರ ನೆಲಮಾಳಿಗೆಯಲ್ಲಿ ಒಬ್ಬ ಹೆಂಗಸಿದ್ದಳು. ಅವಳ ಕೆಲಸ ಕ್ವೇಸಾರ್‌ಗಳ ಚಿತ್ರ ಸೋಸುವುದು. ಬಲು ದೂರದ ಗ್ಯಾಲಕ್ಸಿಯ ನಡುವೆ ದೈತ್ಯ ಕಪ್ಪುಕುಳಿಯೊಂದು ಅನಿಲ ನುಂಗುವಾಗ ಕಣ್ಣು ಕುಕ್ಕುವ ಬೆಳಕು ಹೊಮ್ಮುತ್ತದಲ್ಲ, ಅದೇ ಕ್ವೇಸಾರ್. ಕಂಪ್ಯೂಟರಿನಲ್ಲಿ ಆ ಬೆಳಕನ್ನು ಕಳೆದ ಮೇಲೆ ಉಳಿಯುವ ಗೆರೆ, ಕಲೆಗಳಿಗೆ ಅಲ್ಲಿ ‘ಕಸ’ ಎಂದು ಹೆಸರು. ಹದಿನಾಲ್ಕು ವರ್ಷ ಅವಳು ಅಳಿಸಿದ್ದು ಅದನ್ನೇ. ಎಲ್ಲರೂ ಪ್ರೀತಿಯಿಂದ ‘ಕಸದಕ್ಕ’ ಅನ್ನುತ್ತಿದ್ದರು. ಆ ಪ್ರೀತಿಗೆ ಬೆಂಕಿ ಬೀಳಲಿ! ಒಂದು ಸಂಶೋಧನಾ ಪ್ರಬಂಧದಲ್ಲೂ ಅವಳ ಹೆಸರು ಅಚ್ಚಾಗಿರಲಿಲ್ಲ. ಒಮ್ಮೆಯಾದರೂ ಅಚ್ಚಾಗಬೇಕೆಂಬುದು ಅವಳ ಹಟ.

ಒಂದು ಬೆಳಿಗ್ಗೆ ಅವಳು, ಚಿತ್ರ ತೆಗೆಸಿದ ವಿಜ್ಞಾನಿಯ ಮೇಜಿನ ಮೇಲೆ ಒಂದೇ ಕ್ವೇಸಾರ್‌ನ ಎರಡು ಚಿತ್ರ ಇಟ್ಟಳು.

“ಸಾರ್, ಎರಡ್ನೇ ಸಲ ಕ್ಯಾಮೆರಾನ ಓರೆ ಮಾಡಿ ತೆಗ್ದಿದ್ದೀರಿ. ಕ್ಯಾಮೆರಾದ ಕಸ ಎಲ್ಲಾ ಜೊತೇಲೇ ತಿರುಗಿದೆ. ಈ ಕಲೆ ಮಾತ್ರ ನಕ್ಷತ್ರಗಳ ಪಕ್ಕ ಇದ್ದಲ್ಲೇ ಇದೆ. ಇದು ಆಕಾಶದ್ದು.”

“ಅಕ್ಕಾ, ನಿಮ್ಗೆ ಹೇಳಿದ್ದು ಅಳಿಸೋಕೆ. ಯೋಚನೆ ಮಾಡೋಕಲ್ಲ.”

“ಯೋಚನೆ ಮಾಡ್ದೆ ಅಳಿಸಿದ್ರೆ ನಾಳೆ ನಿಮ್ಮ ಕ್ವೇಸಾರನ್ನೇ ಅಳಿಸಿಬಿಟ್ಟೇನು ಸಾರ್!”

ಪಕ್ಕದ ಮೇಜಿನವರು ಕಿಸಕ್ಕನೆ ನಕ್ಕರು. ವಿಜ್ಞಾನಿ ಮುಖ ಗಂಟು ಹಾಕಿಕೊಂಡೇ ಆ ಕಲೆಯ ಬೆಳಕನ್ನು ಬಣ್ಣಬಣ್ಣವಾಗಿ ಬಿಡಿಸಿ ನೋಡಿಸಿದ. ನಾಲ್ಕು ತಿಂಗಳಿಗೆ ಉತ್ತರ ಬಂತು. ಅದು ಕ್ವೇಸಾರ್‌ನಷ್ಟೇ ದೂರದಲ್ಲಿ, ಅದರ ಮಗ್ಗುಲಲ್ಲೇ ಇರುವ ಜೊತೆ ಗ್ಯಾಲಕ್ಸಿ. ಅದರ ಹೊಟ್ಟೆಯಲ್ಲೂ ಒಂದು ಕಪ್ಪುಕುಳಿ, ಅದೂ ಗಬಗಬನೆ ನುಂಗುತ್ತಿದೆ!

ಪ್ರಬಂಧದ ಕರಡಿನಲ್ಲಿ ಒಂಬತ್ತು ಹೆಸರಿದ್ದವು. ಅವಳದಿಲ್ಲ. ಕೊನೆಗೆ ‘ತಾಂತ್ರಿಕ ಸಿಬ್ಬಂದಿಗೆ ವಂದನೆ’ಯಂತೆ, ಥೂ! ಮನೆಯಲ್ಲಿ ಅವಳು ಮುಖ ಊದಿಸಿಕೊಂಡಿದ್ದು ನೋಡಿ ಅತ್ತೆ ಕೆಣಕಿದರು: “ನನ್ನ ಹತ್ರ ಆದ್ರೆ ಒಂದಕ್ಕೆ ಹತ್ತು ಮಾತಾಡ್ತೀಯ. ಅಲ್ಲಿ ನಾಲಿಗೆ ಬಿದ್ದೋಗುತ್ತಾ? ಹೋಗಿ ಕೇಳೇ!”

ಮರುದಿನ, ಒಂಬತ್ತೂ ಜನ ಕೂತಿದ್ದ ಸಭೆಗೇ ಹೋದಳು.

“‘ನಾವು ಗುರುತಿಸಿದೆವು’ ಅಂತ ಬರ್ದಿದ್ದೀರಿ. ಗುರುತಿಸಿದ್ದು ಯಾರು? ಬೆರಳಿಟ್ಟು ತೋರಿಸಿ ಸಾರ್.”

ವಿಜ್ಞಾನಿಯ ಬೆರಳು ಅವಳತ್ತಲೇ ತಿರುಗಿತು. ಅವನು ಪೆನ್ನು ತೆಗೆದು ತನ್ನ ಹೆಸರಿಗಿಂತ ಮೇಲೆ, ಎಲ್ಲರಿಗಿಂತ ಮೊದಲು, ಅವಳ ಹೆಸರು ಬರೆದ. ಅದು ಹಾಗೆಯೇ ಅಚ್ಚಾಯಿತು. ಆ ಹಾಳೆಯನ್ನು ಅತ್ತೆ ಬೀದಿಗೆಲ್ಲ ತೋರಿಸಿ ಬಂದರು.

ನಿಮ್ಮ ಮೇಜಿನ ಮೇಲೂ ಸಹಿಗೆ ಕಾದ ವರದಿಯೊಂದಿದೆ. ಕೆಲಸ ಮಾಡಿದವರ ಹೆಸರು ಅದರಲ್ಲಿದೆಯೇ? ಇಲ್ಲದಿದ್ದರೆ ಈಗಲೇ ಬರೆಯಿರಿ. ಸಹಿ ಆಮೇಲೆ ಹಾಕಿ.