ಕೊನೇ ಗಾಡಿಯ ಬೀಗ

ನನ್ನ ತಂಗಿ ಗೌರಿಯ ಮದುವೆ ನಿಶ್ಚಯವಾಗಿದೆ. ಯಾವ ಮಾತಿನಿಂದ ನಿಶ್ಚಯವಾಯಿತು ಎಂಬುದು ಮಾತ್ರ ಇನ್ನೂ ನಿಶ್ಚಯವಾಗಿಲ್ಲ.

ಆ ಮಾತು ಹೊರಟ ಬಾಯಿಗೆ ಅತಿ ಹತ್ತಿರವಿದ್ದ ಕಿವಿ ನನ್ನದು. ಆದ್ದರಿಂದ ಎಲ್ಲರೂ ನನ್ನನ್ನೇ ಸಾಕ್ಷಿ ಕೇಳುತ್ತಾರೆ. ನಾನೋ, ಸಾಕ್ಷಿಗಳನ್ನು ಸುಲಭಕ್ಕೆ ನಂಬಬಾರದೆಂದು ಕಾಲೇಜಿನಲ್ಲಿ ಕಲಿತು ಬಂದವನು. ಆ ಸಾಕ್ಷಿ ನಾನೇ ಆದರೆ ನಂಬುವುದು ಹೇಗೆ? (ಕನ್ನಡಕ ಎಲ್ಲಿಟ್ಟೆ ಎಂದು ಕೇಳಿದರೆ ನಾನು ಮೂರು ಜಾಗ ಹೇಳುತ್ತೇನೆ. ಮೂರನ್ನೂ ಖಚಿತವಾಗಿ ಹೇಳುತ್ತೇನೆ.)

ಕಳೆದ ತಿಂಗಳು ಗೌರಿಯನ್ನು ನೋಡಲು ಕೊಣನೂರಿನಿಂದ ಗಂಡಿನ ಕಡೆಯವರು ಹಾಸನಕ್ಕೆ ಬಂದರು. ಹುಡುಗ ವೀರಭದ್ರ, ಜೊತೆಗೆ ಅವನ ತಂದೆ ಚನ್ನವೀರಪ್ಪನವರು. ರಾಗಿ, ಭತ್ತದ ಮಂಡಿ ಇಟ್ಟವರು. ಯುದ್ಧದಿಂದಾಗಿ ಪೆಟ್ರೋಲು ಕಣ್ಣಿಗೆ ಕಾಣದ ಕಾಲ. ಇದ್ದಿಲು ಗ್ಯಾಸಿನ ಬಸ್ಸು ಅರಕಲಗೂಡು ದಾಟಿದ ಮೇಲೆ ಪ್ರತಿ ಏರಿನಲ್ಲೂ ನಿಂತಿತಂತೆ. ಎಲ್ಲರೂ ಇಳಿದು ತಳ್ಳಿದರಂತೆ. ಬಸ್ಸು ಇವರನ್ನು ತಂದಿತೋ, ಇವರೇ ಬಸ್ಸನ್ನು ತಂದರೋ, ಮುಖದ ಮಸಿ ನೋಡಿದರೆ ಹೇಳುವುದು ಕಷ್ಟವಾಗಿತ್ತು.

ಹಿಂದೆ ಬಂದವರೆಲ್ಲ ಉಪ್ಪಿಟ್ಟು ತಿಂದು, ಹುಡುಗಿ ಹೈಸ್ಕೂಲು ಓದಿದ್ದಾಳೆಂದು ತಿಳಿದು, ಕೈ ತೊಳೆದು ಹೋಗಿದ್ದರು. ವೀರಭದ್ರ ಮಾತ್ರ, ಈಗ ಏನು ಓದುತ್ತಿದ್ದೀರಿ ಎಂದು ಕೇಳಿದ. ಗೌರಿ ತಲೆಯೆತ್ತಿ ಉತ್ತರ ಕೊಟ್ಟಳು. ಒಳಗೆ ಹೋಗಿ ಅವ್ವನಿಗೆ, ಆಗಬಹುದು ಎಂದಳು. ಅವಳ ಬಾಯಿಂದ ಆ ಮಾತು ಬಂದದ್ದು ಅದೇ ಮೊದಲು.

ಆದರೆ ಚನ್ನವೀರಪ್ಪನವರು ಹೂಂ ಅನ್ನಲಿಲ್ಲ, ಉಹೂಂ ಅನ್ನಲಿಲ್ಲ. ನೋಡೋಣ ಅಂದರು. ಅಪ್ಪ ದಿನವಿಡೀ ಅವರನ್ನು ಯಜಮಾನರೇ, ಯಜಮಾನರೇ ಎಂದು ಕರೆಯುತ್ತಿದ್ದರು. ಬೀಗರೇ ಎಂದು ಕರೆಯಲು ನಾಲಿಗೆ ತುರಿಸುತ್ತಿತ್ತು. ಆದರೆ ಗಂಡಿನ ತಂದೆ ಆ ಪದ ಆಡುವ ಮುಂಚೆ ಹೆಣ್ಣಿನ ತಂದೆ ಆಡಿದರೆ ಮರ್ಯಾದೆ ಉಳಿಯುತ್ತದೆಯೇ?

ವಾಪಸು ಬಸ್ಸು ಮರುದಿನಕ್ಕೇ. ಸಂಜೆ ಹೊತ್ತು ಕಳೆಯಬೇಕಲ್ಲ? ಊರಾಚೆಯ ಮೈದಾನಕ್ಕೆ ಒಂದು ಪ್ರದರ್ಶನ ಬಂದಿತ್ತು. ಅದರಲ್ಲೊಂದು ಗುಡ್ಡದ ರೈಲು. ಮರದ ಕಂಬಗಳ ಮೇಲೆ ಏರಿ, ಇಳಿದು, ತಿರುಗುವ ಹಳಿ. ಹಳಿಯ ಮೇಲೆ ಮೂರು ಗಾಡಿ. ಎಂಜಿನ್ನಿಗೆ ಎಣ್ಣೆ ಇಲ್ಲದ್ದರಿಂದ ಒಂದು ಜೊತೆ ಎತ್ತು ಕೆಳಗೆ ಹಗ್ಗ ಎಳೆದು ಗಾಡಿಗಳನ್ನು ಮೊದಲ ದಿಣ್ಣೆಯ ನೆತ್ತಿಗೆ ಹತ್ತಿಸುತ್ತಿದ್ದವು. ಅಲ್ಲಿಂದ ಮುಂದೆ ಭೂಮಿಯ ಆಕರ್ಷಣೆಯದೇ ಕೆಲಸ. (ಅದಕ್ಕೆ ಹುಲ್ಲು ಹಾಕಬೇಕಾಗಿಲ್ಲ.)

ನಾನು ಹಿಂದಿನ ದಿನವೇ ಹೋಗಿ ಗಾಡಿಗಳ ಹೊಟ್ಟೆಯಡಿ ಬಗ್ಗಿ ನೋಡಿ ಬಂದಿದ್ದೆ. ಮುಂದಿನ ಗಾಡಿಗೆ ಮಾತ್ರ ನಾಲ್ಕು ಚಕ್ರ. ಹಿಂದಿನವಕ್ಕೆ ಎರಡೆರಡೇ. ಎತ್ತಿನ ಗಾಡಿಯ ಮೂಕಿ ಎತ್ತುಗಳ ಹೆಗಲ ಮೇಲೆ ಕೂರುತ್ತದಲ್ಲ, ಹಾಗೆ ಹಿಂದಿನ ಪ್ರತಿ ಗಾಡಿಯೂ ತನ್ನ ಮೂತಿಯನ್ನು ತನ್ನ ಮುಂದಿರುವ ಗಾಡಿಯ ಬೆನ್ನಿಗೆ ಊರಿ ನಿಂತಿರುತ್ತದೆ. ಸೇರುವ ಜಾಗದಲ್ಲಿ ಒಂದು ಕಬ್ಬಿಣದ ಗುಂಡು, ಅದು ಕೂರಲು ಒಂದು ಬಟ್ಟಲು. ಹಾಗಾಗಿ ತಿರುವಿನಲ್ಲಿ ಪಕ್ಕಕ್ಕೆ, ದಿಣ್ಣೆಯಲ್ಲಿ ಮೇಲಕ್ಕೆ ಕೆಳಕ್ಕೆ, ಒಂದೊಂದೂ ತನ್ನಿಷ್ಟದಂತೆ ಬಳುಕಬಹುದು. ಬಿಟ್ಟು ಮಾತ್ರ ಹೋಗುವಂತಿಲ್ಲ. ಗುಂಡಿನ ಮೇಲೆ ಪೂರ್ತಿ ನಂಬಿಕೆ ಬೇಡವೆಂದು ಪಕ್ಕದಲ್ಲೊಂದು ಸರಪಳಿ. ಹಳಿಯ ಕೆಳಗಿನಿಂದ ಹಿಡಿದುಕೊಳ್ಳಲು ಪುಟ್ಟ ಚಕ್ರಗಳು ಬೇರೆ. ಗಾಡಿ ಹಾರುತ್ತೇನೆಂದರೂ ಅವು ಬಿಡವು.

ಇಷ್ಟು ನೋಡಿದವನಿಗೆ ಇನ್ನೊಂದು ಸಂಗತಿಯೂ ಹೊಳೆಯುತ್ತದೆ. ಮುಂದಿನ ಗಾಡಿ ನೆತ್ತಿ ದಾಟುವಾಗ ಹಿಂದಿನವು ಇನ್ನೂ ಏರುತ್ತಿರುತ್ತವೆ, ಹಾಗಾಗಿ ಅದು ನಿಧಾನವಾಗಿ ಬಗ್ಗಿ ನೋಡುತ್ತದೆ. ಕೊನೆಯ ಗಾಡಿ ನೆತ್ತಿಗೆ ಬರುವ ಹೊತ್ತಿಗೆ ಮುಂದಿನ ಎರಡೂ ಬೀಳುತ್ತಿರುತ್ತವೆ. ಮುಂದೆ ಕೂತವನು ದಿಣ್ಣೆ ಇಳಿಯುತ್ತಾನೆ, ಕೊನೆಯವನನ್ನು ಎಸೆಯುತ್ತಾರೆ. ಮಧ್ಯದವನು ಸುಖಿ.

ಚನ್ನವೀರಪ್ಪನವರು ನೆಟ್ಟಗೆ ಹೋಗಿ ಕೊನೇ ಗಾಡಿಯಲ್ಲಿ ಕೂತರು.

ಮುಂದೆ ಬನ್ನಿ ಎಂದು ಕರೆದೆ.

"ಮುಂದೆ ಕೂರಕ್ಕೆ ನಾನೇನು ಗಾಡಿ ಹೊಡಿಯೋನೇನಪ್ಪಾ?" ಎಂದರು.

ನನಗೆ ಇದು ಹೊಳೆದೇ ಇರಲಿಲ್ಲ. ಎತ್ತಿನ ಗಾಡಿಯಲ್ಲಿ ಮೂಕಿಯ ಮೇಲೆ ಕೂರುವವನು ಆಳು. ಹಿಂದೆ ಹುಲ್ಲು ಹಾಸಿ, ಮೇಲೆ ಜಮಖಾನ ಹಾಸಿ ಕೂರುವವರು ಯಜಮಾನರು. ನಾನು ಅವರಿಗೆ ಆಳಿನ ಜಾಗ ತೋರಿಸಿದ್ದೆ. ಸರಿ, ಮಧ್ಯಕ್ಕಾದರೂ ಬನ್ನಿ ಎಂದೆ.

"ಮಧ್ಯಕ್ಕೆ ನಾವು ಮೂಟೆ ಹಾಕ್ತೀವಿ."

ಅಷ್ಟರಲ್ಲಿ ಮಧ್ಯದ ಗಾಡಿಯಲ್ಲಿ ಅಪ್ಪ ಕೂತಾಗಿತ್ತು.

ನಾನು ಗುಂಡು, ಬಟ್ಟಲು ಎಂದು ಶುರುಮಾಡಿದೆ. ಅಪ್ಪ ತಿರುಗಿ ನೋಡಿದ ನೋಟದ ಅರ್ಥ ಸ್ಪಷ್ಟವಾಗಿತ್ತು: ತಂಗಿ ಓದಿರುವುದೇ ಸಾಲದೆಂದು ಅಣ್ಣನೂ ಓದಿದ್ದನ್ನು ತೋರಿಸಬೇಕೇ? ಬಾಯಿ ಮುಚ್ಚಿ ಚನ್ನವೀರಪ್ಪನವರ ಪಕ್ಕ ಕೂತೆ. ಮುಂದಿನ ಗಾಡಿಯಲ್ಲಿ ವೀರಭದ್ರ ಒಬ್ಬನೇ. ಅವ್ವ, ಗೌರಿ ಕೆಳಗೆ ನಿಂತರು.

ತೊಡೆಯ ಮೇಲೆ ಅಡ್ಡ ಬೀಳುವ ಒಂದು ಕಬ್ಬಿಣದ ಸರಳು, ಅದು ಮೇಲೇಳದಂತೆ ಪಕ್ಕದಲ್ಲೊಂದು ಬೀಗ. ಪ್ರದರ್ಶನದ ಆಳೊಬ್ಬ ಬಂದು ನಮ್ಮ ಸರಳನ್ನು ಅಲ್ಲಾಡಿಸಿ ನೋಡಿ, ದೂರದಲ್ಲಿದ್ದ ಜೊತೆಗಾರನಿಗೆ ಕೂಗಿದ.

"ಕೊನೇ ಗಾಡಿ ಬೀಗ ಸಡ್ಲ ಆಗೈತೆ ಕಣ್ಲಾ. ಬಂದು ಎಲ್ಡು ಏಟು ಆಕು."

ಚನ್ನವೀರಪ್ಪನವರ ಮೀಸೆ ನಿಮಿರಿತು. "ಯಾವನಯ್ಯಾ ಬೀಗ? ನಾನಿನ್ನೂ ಒಪ್ಪೇ ಇಲ್ಲ, ಆಗ್ಲೇ ಏಟಾ?"

ಮಧ್ಯದ ಗಾಡಿಯಲ್ಲಿ ಅಪ್ಪನ ಬೆನ್ನು ಒಂದು ಗೇಣು ಕುಗ್ಗಿತು. ಜೊತೆಗಾರ ಸುತ್ತಿಗೆ ತಂದು ಬೀಗಕ್ಕೆ (ಕಬ್ಬಿಣದ್ದಕ್ಕೆ) ಬಲವಾಗಿ ಬಾರಿಸಿ, ಇನ್ನು ಅಲ್ಲಾಡಲ್ಲ ಸಾ ಎಂದು ಹೋದ. ಎತ್ತುಗಳು ಹೊರಟವು.

ನೆತ್ತಿಯಲ್ಲಿ ವೀರಭದ್ರ ಮೆಲ್ಲಗೆ ಮರೆಯಾದ. ಅಪ್ಪ ಮರೆಯಾದರು. ಆಮೇಲೆ ನಾವು. ನಾವು ಕೆಳಗೆ ಹೋದೆವು, ಚನ್ನವೀರಪ್ಪನವರ ಪೇಟ ಬರಲಿಲ್ಲ. ಅದು ಸ್ವಲ್ಪ ಹೊತ್ತು ಹಾಸನದ ಗಾಳಿಯಲ್ಲೇ ಇತ್ತು. ಮುಂದಿನ ತಿರುವು, ದಿಣ್ಣೆ ಯಾವುದೂ ನನಗೆ ನೆನಪಿಲ್ಲ. ನನ್ನ ತೋಳಿನಲ್ಲಿ ಊರಿದ್ದ ಅವರ ಉಗುರು ಮಾತ್ರ ನೆನಪಿದೆ.

ಗಾಡಿ ನಿಂತಿತು. ಅಪ್ಪ ಇಳಿದು ಓಡಿಬಂದರು. ನಮ್ಮ ಬೀಗ ತೆರೆಯಲಿಲ್ಲ. ಏಟು ಚೆನ್ನಾಗಿಯೇ ಬಿದ್ದಿತ್ತು. ಸರಳು ಹೊಟ್ಟೆಗೆ ಒತ್ತಿ ಉಸಿರು ಸಿಕ್ಕಿಹಾಕಿಕೊಂಡಿದ್ದ ಚನ್ನವೀರಪ್ಪನವರು ಅಪ್ಪನ ಕಡೆ ಕೈಚಾಚಿ ಒಂದು ಮಾತು ಆಡಿದರು.

ಅಪ್ಪನಿಗೆ ಕೇಳಿಸಿದ್ದು: "ಬೀಗರೇ."

ಅಪ್ಪನ ಕಣ್ಣಲ್ಲಿ ನೀರು ಬಂತು. ಆ ಚಾಚಿದ ಕೈಯನ್ನು ಎರಡೂ ಕೈಯಿಂದ ಹಿಡಿದುಕೊಂಡು, "ದೊಡ್ಡ ಮಾತು ಅಂದ್ರಿ ಬೀಗರೇ, ದೊಡ್ಡ ಮಾತು ಅಂದ್ರಿ" ಎಂದರು. ಅವ್ವ ಪಕ್ಕದ ಅಂಗಡಿಯಿಂದ ಬತ್ತಾಸು ತಂದು, ಇನ್ನೂ ಸರಳಿನಡಿಯೇ ಇದ್ದ ಬೀಗರ ಬಾಯಿಗೆ ಹಾಕಿದಳು.

ನನಗೆ ಕೇಳಿಸಿದ್ದು: "ಬೀಗ, ರೀ."

ಅಂದರೆ, ಬೀಗ ತೆಗೀರಿ. ಹಾಗೆಂದೇ ಕೇಳಿಸಿತೇ? ಕಿವಿಯಲ್ಲಿ ಇನ್ನೂ ಗಾಳಿ ಮೊರೆಯುತ್ತಿತ್ತು. ಬೀಗದ ಯೋಚನೆಯಲ್ಲಿದ್ದವನಿಗೆ ಬೀಗ ಕೇಳಿಸಿತೋ? ಬೀಗರ ಯೋಚನೆಯಲ್ಲಿದ್ದ ಅಪ್ಪನಿಗೆ ಬೀಗರು ಕೇಳಿಸಿದರೋ?

ಕೊನೆಗೆ ಆಳು ಬಂದು ಸರಳು ಎತ್ತಿದ. ಚನ್ನವೀರಪ್ಪನವರು ಇಳಿದು ನಿಂತು, ಏನೋ ಹೇಳಲು ಬಾಯಿ ತೆರೆದರು. ಎದುರಿಗೆ ವೀರಭದ್ರ ಬಿದ್ದ ಪೇಟವನ್ನು ಎತ್ತಿಕೊಂಡು ಬಂದಿದ್ದ. ಗೌರಿ ಅದಕ್ಕೆ ಮೆತ್ತಿದ್ದ ಸಗಣಿಯನ್ನು ಎಲೆಯಿಂದ ಒರೆಸುತ್ತಿದ್ದಳು. ಇಬ್ಬರೂ ನಗು ತಡೆಯಲು ಒದ್ದಾಡುತ್ತಿದ್ದರು. ಮುದುಕರು ಅವರನ್ನೇ ಒಂದು ಗಳಿಗೆ ನೋಡಿದರು. ಬಾಯಿ ಮುಚ್ಚಿ ಬತ್ತಾಸು ಕಡಿದರು.

ಈಗ ಲಗ್ನದ ದಿನ ನೋಡುತ್ತಿದ್ದಾರೆ. ನನಗೆ ತಡೆಯಲಾಗುತ್ತಿಲ್ಲ. ಕೊಣನೂರಿಗೆ ಹೋಗಿ ನೇರವಾಗಿ ಕೇಳಿಬಿಡಲೇ ಎಂದು ಮೊನ್ನೆ ಗೌರಿಯ ಮುಂದೆ ಅಂದೆ. (ಕೊಣನೂರಿನ ಓದುಗರೇ, ದಯವಿಟ್ಟು ಇದನ್ನು ಮಂಡಿಯ ಹತ್ತಿರ ಗಟ್ಟಿಯಾಗಿ ಓದಬೇಡಿ.) ಸತ್ಯ ಯಾವುದೆಂದು ಗೊತ್ತಾಗಬೇಡವೇ?

ಅವಳು ಹೂ ಕಟ್ಟುತ್ತಿದ್ದವಳು ತಲೆಯೆತ್ತಲಿಲ್ಲ. "ಅಣ್ಣಯ್ಯ, ಗುಂಡು ಬಟ್ಟಲಲ್ಲಿ ಕೂತಾಗಿದೆ. ನೀನೀಗ ಗಾಡಿ ಕೆಳಗೆ ಬಗ್ಗಿ ನೋಡೋಕೆ ಹೋಗ್ಬೇಡ" ಎಂದಳು.

ಅಷ್ಟಕ್ಕೂ, ಆಡಿದ ಮಾತನ್ನೆಲ್ಲ ಸರಿಯಾಗಿ ಕೇಳಿಸಿಕೊಂಡು ಮದುವೆಯಾದವರು ನಿಮ್ಮಲ್ಲಿ ಯಾರಿದ್ದೀರಿ?