ರತ್ನಾವತಿಯ ಇನ್ನೊಂದು ಕುಕ್ಕರ್

ಬೆಳಗಿನ ಜಾವ ಎಗ್ಮೋರಿನ ಈ ಪ್ರಯೋಗಾಲಯದಲ್ಲಿ ಫ್ಯಾನ್ ತಿರುಗುವುದಿಲ್ಲ. ರತ್ನಾವತಿ ತಿರುಗಲು ಬಿಡುವುದಿಲ್ಲ. ಅವರ ಕೊಯ್ಯುವ ಯಂತ್ರದ ಅಲಗಿನಿಂದ ಇಳಿಯುವ ಮೇಣದ ಎಸಳು ಈರುಳ್ಳಿಯ ಒಳಪೊರೆಗಿಂತ ತೆಳು. ಉಸಿರು ತಾಗಿದರೂ ಹಾರಿಹೋಗುತ್ತದೆ. ಬಿಸಿಲೇರಿದರೆ ಚೆನ್ನೈ ಸೆಕೆಗೆ ಮೇಣವೇ ಮೆತ್ತಗಾಗುತ್ತದೆ.

ಇವತ್ತಿನ ಮೇಣದ ತುಂಡಿನೊಳಗೆ ಇರುವುದು ಒಬ್ಬ ಹೆಂಗಸಿನ ಸ್ತನದ ಕ್ಯಾನ್ಸರ್ ಗೆಡ್ಡೆಯ ಚೂರು. ಆಕೆ ಈಗಿಲ್ಲ. ಚೂರೂ ಸವೆದಿದೆ. ಇನ್ನೊಂದು ಎಸಳು ಸಿಕ್ಕರೆ ಹೆಚ್ಚು.

ರಾಯಪುರಂನಿಂದ ಮೊದಲ ಬಸ್ಸಿಗೆ ಬರುವ ರತ್ನಾವತಿ ತೊಂಬತ್ತೊಂಬತ್ತನೇ ಇಸವಿಯಲ್ಲಿ ಇಲ್ಲಿ ಗಾಜಿನ ಸಾಮಾನು ತೊಳೆಯಲು ಸೇರಿದವರು. ಕೊಯ್ಯುವುದನ್ನು ನೋಡಿ ನೋಡಿ ಕಲಿತರು. ಈಗ ದಿನಕ್ಕೆ ನಲವತ್ತು ಎಸಳು ಗಾಜಿನ ಪಟ್ಟಿಗೇರುತ್ತವೆ. ಬೆರಳ ತುದಿಯಲ್ಲಿ ಅಲಗಿನ ಗೀರುಗಳಿವೆ.

ಸಂಶೋಧಕಿ ಡಾ. ಶ್ರೀಪ್ರಿಯಾ ಹುಡುಕುತ್ತಿರುವುದು ಗೆಡ್ಡೆಯೊಳಗೆ ನುಗ್ಗಿದ ರಕ್ಷಕ ಕೋಶಗಳನ್ನು. ರೋಗವನ್ನು ನುಂಗಲು ಬಂದ ಇವು ಗೆಡ್ಡೆ ಬೆಳೆಯಲು ನೆರವಾಗುತ್ತವೆಯೇ ಎಂಬುದು ಅವರ ಪ್ರಶ್ನೆ.

"ಕಾವಲಿಗೆ ಬಂದೋರು ಕಳ್ಳರ ಮನೇಲೇ ಊಟಕ್ಕೆ ಕೂತ್ಬಿಟ್ರಾ ಡಾಕ್ಟ್ರೇ?"

"ಕೂತಿದಾರಾ, ಇಲ್ಲಾ ಬಡಿಸ್ತಾನೇ ಇದಾರಾ? ಅದೇ ನೋಡ್ಬೇಕು ಅಕ್ಕಾ."

ನೋಡಬೇಕಾದರೆ ಆ ಕೋಶಗಳ ಒಂದು ಪ್ರೋಟೀನಿಗೆ ಕಂದು ಬಣ್ಣ ಹಿಡಿಯಬೇಕು. ಅದಕ್ಕೂ ಮೊದಲು, ಮುಚ್ಚಿಹೋದ ಆ ಪ್ರೋಟೀನು ತೆರೆದುಕೊಳ್ಳಲೆಂದು, ಎಸಳನ್ನು ಪ್ರೆಷರ್ ಕುಕ್ಕರಿನಲ್ಲಿ ಬೇಯಿಸಬೇಕು. ಪರೀಕ್ಷೆಗೆಂದು ಪಕ್ಕದಲ್ಲಿ ಗಂಟಲಿನ ಟಾನ್ಸಿಲ್ಲಿನ ಚೂರೊಂದನ್ನು ಇಡುತ್ತಾರೆ. ಅದರಲ್ಲಿ ಈ ಕೋಶಗಳು ಇದ್ದೇ ಇರುತ್ತವೆ. ಅದೇ ಕಂದಾಗದಿದ್ದರೆ ಬಣ್ಣವೇ ಹಿಡಿದಿಲ್ಲವೆಂದು ಅರ್ಥ.

ಮೊನ್ನೆ ಆದದ್ದು ಅದೇ. ಕುಕ್ಕರಿನ ರಬ್ಬರ್ ಸಡಿಲವಾಗಿ, ಕೂಗದೆ ಬರೀ ಬುಸ್ ಎನ್ನುತ್ತಿತ್ತು. "ಮನೇಲಿ ಹಂಗಾದ್ರೆ ಇನ್ನೊಂದಿಷ್ಟು ಹೊತ್ತು ಇಡ್ತೀನಿ, ಅನ್ನ ಆಗತ್ತೆ. ಇಲ್ಲೂ ಹಂಗೇ ಮಾಡ್ದೆ. ತಪ್ಪು ನಂದೇ," ಎನ್ನುತ್ತಾರೆ ರತ್ನಾವತಿ. ಟಾನ್ಸಿಲ್ ಬಿಳಿಚಿಕೊಂಡೇ ಇತ್ತು. ಆ ಹೆಂಗಸಿನ ಒಂದು ಎಸಳು ವ್ಯರ್ಥವಾಯಿತು.

ಇಂದು ಅವರು ಉಸಿರು ಬಿಗಿಹಿಡಿದು ಚಕ್ರ ತಿರುಗಿಸುತ್ತಾರೆ. ಎಸಳು ಬೆಚ್ಚಗಿನ ನೀರಿನ ಮೇಲೆ ಇಳಿದು, ಸುಕ್ಕು ಬಿಟ್ಟು ಹರಡಿಕೊಳ್ಳುತ್ತದೆ. ಅದು ಗಾಜಿಗೇರಿ ಒಣಗಿದ ಮೇಲೆ ಚೀಲದಿಂದ ಮನೆಯ ಕುಕ್ಕರಿನ ರಬ್ಬರ್ ತೆಗೆಯುತ್ತಾರೆ. ಎರಡೂ ಕುಕ್ಕರುಗಳು ಒಂದೇ ಕಂಪನಿಯ ಐದು ಲೀಟರಿನವು.

"ಮನೇಲಿ ಅಡುಗೆ?" ಶ್ರೀಪ್ರಿಯಾ ನಗುತ್ತಾರೆ.

"ನಮ್ಮನೆಯವರಿಗೆ ಪಾತ್ರೆಲಿ ಅನ್ನ ಬಸಿಯೋಕೆ ಬರತ್ತೆ. ಬರಲ್ಲ ಅಂದ್ರೂ ಇವತ್ತು ಬರತ್ತೆ."

ಕುಕ್ಕರ್ ಕೂಗುತ್ತದೆ. ಬಣ್ಣ ಹಾಕಿ ಮುಗಿಯುವಾಗ ಮಧ್ಯಾಹ್ನ. ಶ್ರೀಪ್ರಿಯಾ ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟಿದ್ದಾರೆ.

"ಟಾನ್ಸಿಲ್?"

"ಕಂದು."

"ಆಯಮ್ಮಂದು?"

ಶ್ರೀಪ್ರಿಯಾ ಎದ್ದು ಕುರ್ಚಿ ಬಿಡುತ್ತಾರೆ. ರತ್ನಾವತಿ ಬಗ್ಗಿ ನೋಡುತ್ತಾರೆ. ಗೆಡ್ಡೆಯ ಅಂಚಿನುದ್ದಕ್ಕೂ ಕಂದು ಚುಕ್ಕೆಗಳ ದಟ್ಟಣೆ.

"ಅಯ್ಯೋ, ಇಷ್ಟೊಂದು ಜನಾನಾ! ಬಡಿಸ್ತಿದಾರಾ?"

"ಅದಿನ್ನೂ ಗೊತ್ತಿಲ್ಲ ಅಕ್ಕಾ. ಇದಾರೆ ಅಂತ ಗೊತ್ತಾಯ್ತು."

ರತ್ನಾವತಿ ಕುಕ್ಕರ್ ತೊಳೆದು ಬೋರಲು ಹಾಕುತ್ತಾರೆ. ಇಲ್ಲಿ ಬಳಸಿದ ರಬ್ಬರ್ ಮತ್ತೆ ಅಡುಗೆಮನೆಗೆ ಹೋಗುವಂತಿಲ್ಲ. "ಮನೆಯವರು ಕೇಳ್ತಾರೆ, ರಬ್ಬರ್ ಎಲ್ಲಿ ಅಂತ," ಎಂದು ಸೆರಗಿಗೆ ಕೈ ಒರೆಸಿಕೊಳ್ಳುತ್ತಾರೆ. "ಅದಕ್ಕೂ ಎಗ್ಮೋರಲ್ಲಿ ಕೆಲಸ ಸಿಕ್ತು ಅಂತೀನಿ."