ಅಬಿದಾಳಿಗೆ ಸಿಗದ ಸೂಜಿ

ತಾಂಬಾದಲ್ಲಿ ಯಾರ ದನ ಮೇವು ಬಿಟ್ಟರೂ, ಯಾರ ಆಡಿಗೆ ಹೊಟ್ಟೆ ಉಬ್ಬರಿಸಿದರೂ ಮೊದಲು ಕರೆಯುವುದು ಅಬಿದಾಳನ್ನು. ಅವಳು ಊರಿನ ಪಶುಸಖಿ, ದನಕರುಗಳ ಆರೈಕೆಗೆ ತರಬೇತಿ ಪಡೆದವಳು. ತನ್ನ ಕೈಲಾಗದ್ದನ್ನು ಪಶುವೈದ್ಯರಿಗೆ ಫೋನ್ ಮಾಡಿ ತಿಳಿಸುತ್ತಾಳೆ.

ಆ ದಿನ ಬೆಳಿಗ್ಗೆ ರೇವವ್ವನ ಎಮ್ಮೆ ನೀರು ಕುಡಿಯಲು ಹೋಗಿ ಕೆಮ್ಮುತ್ತಿತ್ತು. ಬಾಯಿಂದ ಜೊಲ್ಲು ಒಂದೇ ಸಮನೆ ಸುರಿಯುತ್ತಿತ್ತು.

"ಗಂಟಲದಾಗ ಏನೋ ಸಿಕ್ಕೈತಿ, ನೋಡವ್ವಾ," ಎಂದಳು ರೇವವ್ವ.

ಅವಳು ದವಡೆ ಅಗಲಿಸಿ ಹಿಡಿದಳು. ಅಬಿದಾ ಮೊಣಕೈವರೆಗೆ ಕೈ ಇಳಿಸಿ ತಡಕಾಡಿದಳು. ಏನೂ ಸಿಗಲಿಲ್ಲ. ಎಮ್ಮೆಯ ಹಲ್ಲು ತಾಗಿ ಇಬ್ಬರ ಬೆರಳೂ ತರಚಿ ರಕ್ತ ಒಸರಿತು.

ಮಧ್ಯಾಹ್ನದ ಹೊತ್ತಿಗೆ ಎಮ್ಮೆಯ ದನಿ ಒಡೆದು, ಅದು ಗೂಟಕ್ಕೆ ತಲೆ ಬಡಿಯತೊಡಗಿತು. ಬಂದ ಪಶುವೈದ್ಯರು ದೂರದಲ್ಲೇ ನಿಂತರು.

"ಬಾಯಾಗ ಯಾರರ ಕೈ ಹಾಕೀರೇನು?"

ಇಬ್ಬರೂ ತರಚಿದ ಬೆರಳು ತೋರಿಸಿದರು.

"ಸಬಕಾರ ಹಚ್ಚಿ ನಳದ ಕೆಳಗ ಚಂದಂಗ ತೊಳೀರಿ. ಆಮ್ಯಾಲ ಒಂದು ಗಳಿಗಿ ನಿಲ್ಲಬ್ಯಾಡ್ರಿ, ದವಾಖಾನಿಗೆ ಹೋಗ್ರಿ. ಇದಕ್ಕ ಹುಚ್ಚುನಾಯಿ ಕಚ್ಚಿದಂಗ ಐತಿ."

ಅಬಿದಾಳ ಗಂಡ ಖಲೀಲ ತನ್ನ ಟೆಂಪೋದಲ್ಲಿ ಇಬ್ಬರನ್ನೂ ಇಂಡಿಗೆ ಕರೆದೊಯ್ದ. ದವಾಖಾನೆಯಲ್ಲಿ ಡಾಕ್ಟರ್ ರಾಜಶ್ರೀ ಇಬ್ಬರಿಗೂ ರೇಬಿಸ್ ಲಸಿಕೆ ಕೊಟ್ಟರು. ರೇವವ್ವನಿಗೆ ಮಾತ್ರ ಇನ್ನೊಂದು ಔಷಧಿಯನ್ನು ಗಾಯದ ಸುತ್ತ ಚುಚ್ಚಿದರು. ರೇವವ್ವ ಚೀರಿದಳು. ಅಬಿದಾ ತನ್ನ ಸರದಿ ಕಾಯುತ್ತ ಕುಳಿತಳು, ಸರದಿ ಬರಲಿಲ್ಲ.

"ನಮ್ಮಾಕಿಗೆ ಯಾಕ ಇಲ್ರಿ? ಖಾಲಿ ಆಗೇತೇನು?" ಖಲೀಲನ ದನಿ ಏರಿತು.

"ಖಾಲಿ ಆಗಿಲ್ಲ. ಅದು ತಯಾರಾಗಿ ಬಂದ ಪ್ರತಿಕಾಯ. ವೈರಸ್ ನರಕ್ಕ ಏರೂಕಿಂತ ಮೊದಲ ಹಿಡಿಯಾಕ ಬೇಕು. ರೇವವ್ವಗ ಇದು ಮೊದಲನೇ ಲಸಿಕಿ. ಅವರ ಮೈ ತನ್ನ ಪ್ರತಿಕಾಯ ಮಾಡಾಕ ವಾರದ ಮ್ಯಾಲ ಬೇಕು. ಅಬಿದಾಗ ಎರಡು ವರ್ಷದ ಹಿಂದ ನಾಯಿ ಕಚ್ಚಿದಾಗ ನಾವ ಪೂರಾ ಕೋರ್ಸ್ ಕೊಟ್ಟೇವಿ. ಈಗ ಎರಡು ಡೋಸ್ ಸಾಕು, ಆಕಿ ಮೈ ಲಗೂನ ಪ್ರತಿಕಾಯ ಮಾಡತೈತಿ. ಹೊರಗಿಂದು ಹಾಕಿದ್ರ ಆ ಕೆಲಸ ಉಲ್ಟಾ ತಡ ಆದೀತು."

ಖಲೀಲ ಟೆಂಪೋ ಊರಿಗೆ ತಿರುಗಿಸಿದ. ಅಬಿದಾಳಿಗೆ ಮಾತ್ರ ಸಮಾಧಾನವಾಗಲಿಲ್ಲ. ಎಮ್ಮೆ ಸತ್ತಿತು, ಅದರ ಮಿದುಳಿನ ಪರೀಕ್ಷೆಯಲ್ಲಿ ರೇಬಿಸ್ ಖಚಿತವಾಯಿತು. ಅಂದಿನಿಂದ ಅವಳು ಪ್ರತಿ ಗುಟುಕು ನೀರನ್ನೂ ಗಂಟಲಲ್ಲಿ ಹಿಡಿದು ನೋಡುವಳು, ಇಳಿಯಿತೇ ಎಂದು. ಎರಡನೇ ಡೋಸಿಗೆ ಹೋದಾಗ ಹಟ ಹಿಡಿದಳು.

"ನನ್ನ ರಕ್ತ ತಗೀರಿ ಮೇಡಂ. ಪ್ರತಿಕಾಯ ಎಷ್ಟೈತಿ ಅಂತ ಕಣ್ಣಿಂದ ನೋಡ್ತೇನಿ."

"ತಗೀಬಹುದು. ಆದ್ರ ಇವತ್ತು ಕಡಿಮಿ ಬಂದ್ರೂ ನಿನಗ ಕೊಡೂದು ಇದ ಡೋಸು. ಹಳೇ ಪ್ರತಿಕಾಯ ಕರಗಿರಬಹುದು, ಅದನ್ನ ಮಾಡೂದು ಹ್ಯಾಂಗ ಅನ್ನೂದನ್ನ ನಿನ್ನ ಮೈ ಮರ್ತಿರೂದಿಲ್ಲ. ನಾ ನಿನ್ನ ಸಲುವಾಗಿ ಅಂಜೂದಿಲ್ಲ ಅಬಿದಾ. ರೇವವ್ವನ ಸಲುವಾಗಿ ಅಂಜ್ತೇನಿ. ಆಕಿಗೆ ಹಾಕಿದ್ದು ಎರವಲು, ವಾರ ಕಳದಂಗ ಕರಗತೈತಿ. ಅಷ್ಟ್ರಾಗ ಆಕೀದು ಆಕಿ ಮಾಡ್ಕೋಬೇಕು. ಒಂದು ಡೋಸೂ ತಪ್ಪಬಾರದು."

ಆ ಸಲ ರೇವವ್ವ ಜೊತೆಗೇ ಬಂದಿದ್ದಳು. ಅಬಿದಾಳ ಎರಡು ಡೋಸ್ ಅಲ್ಲಿಗೆ ಮುಗಿದವು. ರೇವವ್ವನ ಮುಂದಿನ ಡೋಸಿನ ದಿನ ಅಬಿದಾ ಕರೆಯಲು ಹೋದರೆ ಮನೆಗೆ ಬೀಗ. ಗೊಳಸಂಗಿಯಲ್ಲಿ ಮಗಳ ಹೆರಿಗೆ, ನಿನ್ನೆಯೇ ಹೋದಳು ಎಂದರು ಪಕ್ಕದವರು. ಫೋನ್ ಮಾಡಿದರೆ ರೇವವ್ವ ನಕ್ಕಳು.

"ನನಗ ದೊಡ್ಡ ಸೂಜಿ ಆಗೇತಲ್ಲವ್ವಾ! ನಿನಗ ಆಗಿಲ್ಲ, ನೀ ಹೋಗು."

ಅಬಿದಾ ಫೋನ್ ಇಟ್ಟಳು. ಅವಳು ಖಲೀಲನ ಟೆಂಪೋ ಹತ್ತಿ ಗೊಳಸಂಗಿಗೆ ಹೊರಟಳು. ಅವರು ತಲುಪಿದಾಗ ರೇವವ್ವ ಬಾಣಂತಿಗೆ ನೀರು ಕಾಯಿಸುತ್ತಿದ್ದಳು.

"ಏಳಕ್ಕಾ."

"ಕೂಸು ಬಿಟ್ಟು ಹ್ಯಾಂಗ ಬರ್ಲೆವ್ವಾ?"

"ಆ ದೊಡ್ಡ ಸೂಜಿ ನಿಂದಲ್ಲಕ್ಕಾ. ಅದು ಕರಗಿ ಹೋಗತೈತಿ. ಹೋದ ಮ್ಯಾಲ ನಿನ್ನ ಮೈಯಾಗ ಏನೂ ಇರದಿದ್ರ? ರೋಗ ಒಮ್ಮಿ ಕಾಣಿಸ್ಕೊಂಡ್ರ ಯಾವ ಡಾಕ್ಟರೂ ಉಳಿಸಾಂಗಿಲ್ಲ." ಅಬಿದಾ ಅವಳ ಪಕ್ಕ ಒಲೆಯ ಮುಂದೆ ಕುಳಿತಳು. "ನಿನ್ನ ಎಮ್ಮಿ ಹ್ಯಾಂಗ ಸತ್ತಿತು, ನೋಡೀಯಲ್ಲ?"

ಒಳಗಿಂದ ಮಗಳು ಕೂಗಿದಳು, "ಯವ್ವಾ, ಹೋಗು! ನಾ ನೋಡ್ಕೋತೇನಿ."

ರೇವವ್ವ ಸೆರಗಿಗೆ ಕೈ ಒರೆಸಿಕೊಂಡು ಎದ್ದಳು. ಬಸವನ ಬಾಗೇವಾಡಿಯ ದವಾಖಾನೆಯಲ್ಲಿ ಆ ಡೋಸ್ ಆಯಿತು. ಉಳಿದವುಗಳಿಗೂ ಅಬಿದಾಳೇ ಜೊತೆಗೆ ಹೋದಳು.

ಇದಾಗಿ ವರ್ಷ ದಾಟಿದೆ. ಇಬ್ಬರೂ ಗಟ್ಟಿಯಾಗಿದ್ದಾರೆ. ತನ್ನ ರಕ್ತದಲ್ಲಿ ಪ್ರತಿಕಾಯ ಎಷ್ಟಿತ್ತೆಂದು ಅಬಿದಾಳಿಗೆ ಇಂದಿಗೂ ಗೊತ್ತಿಲ್ಲ. ಹಲವು ತಿಂಗಳು ನೀರಿನ ಲೋಟ ಎತ್ತುವಾಗ ಎದೆ ಝಲ್ಲೆನ್ನುತ್ತಿತ್ತು. ಅದು ಎಂದು ನಿಂತಿತೋ ಅವಳೇ ಗಮನಿಸಲಿಲ್ಲ. ಈಗ ಜೊಲ್ಲು ಸುರಿಸುವ ದನ ಕಂಡರೆ ಅವಳು ಬಾಗಿಲಲ್ಲೇ ನಿಂತು, ಮನೆಯವರನ್ನು ಹಿಂದೆ ಸರಿಸಿ, ಪಶುವೈದ್ಯರಿಗೆ ಫೋನ್ ಮಾಡುತ್ತಾಳೆ.